ಕುಣಿಯುವ ಮುಳ್ಳು

ನನ್ನ ಉಪ್ಪ ಬಾಡಿಗೆ ಕಾರು ಓಡಿಸುತ್ತಾರೆ. ನಮ್ಮ ಮನೆ ಕೊಟ್ಟಿಗೆಹಾರದ ಹತ್ತಿರ. ಊರಿನ ರೋಗಿಗಳನ್ನು ಮಂಗಳೂರಿನ ಆಸ್ಪತ್ರೆಗಳಿಗೆ ಕರೆದುಕೊಂಡು ಹೋಗಿ ಬರುವುದೇ ಅವರಿಗೆ ಸಿಗುವ ಹೆಚ್ಚಿನ ಬಾಡಿಗೆ. ಹಾಗಾಗಿ ವಾರಕ್ಕೆ ಮೂರು ನಾಲ್ಕು ಸಲವಾದರೂ ಚಾರ್ಮಾಡಿ ಘಾಟಿ ಇಳಿದು ಹತ್ತುತ್ತಾರೆ. ಯಾವ ತಿರುವಿನಲ್ಲಿ ಯಾವ ಗೇರ್ ಎಂದು ಅವರಿಗೆ ಬಾಯಿಪಾಠ. ಕಾರಿಗೆ ಈಗ 13 ವರ್ಷ. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಕಾರು.

ಕಳೆದ ಬಕ್ರೀದ್ ರಜೆಗೆ ನಾನು ಹಾಸ್ಟೆಲಿನಿಂದ ಮನೆಗೆ ಹೊರಟಿದ್ದೆ. ಅದೇ ದಿನ ಉಪ್ಪ ನಮ್ಮೂರಿನ ಒಬ್ಬ ಅಜ್ಜನನ್ನು ಕಣ್ಣಿನ ಆಪರೇಷನ್ ಮುಗಿಸಿ ಮಂಗಳೂರಿನಿಂದ ವಾಪಸ್ ಕರೆತರುತ್ತಿದ್ದರು. ಬಿ.ಸಿ. ರೋಡಿನಲ್ಲಿ ನನ್ನನ್ನೂ ಹತ್ತಿಸಿಕೊಂಡರು. ಹಿಂದಿನ ಸೀಟಿನಲ್ಲಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜ ಮತ್ತು ಅವರ ಮಗಳು, ಮುಂದೆ ಉಪ್ಪ ಮತ್ತು ನಾನು. ಉಜಿರೆಯಲ್ಲಿ ಅಸರ್ ನಮಾಝ್ ಮುಗಿಸಿ ಹೊರಟಾಗ ಮಳೆ ಜೋರಾಗಿತ್ತು.

ಘಾಟಿ ಅರ್ಧ ಹತ್ತುವಷ್ಟರಲ್ಲಿ ಮಂಜು ಇಳಿಯಿತು. ಕಾರಿನ ಒಳಗೆ ನಾಲ್ಕು ಜನರ ಉಸಿರು, ಒದ್ದೆ ಕೊಡೆ, ಒದ್ದೆ ಬಟ್ಟೆ. ಮುಂದಿನ ಗಾಜು ಒಳಗಿನಿಂದ ಬೆಳ್ಳಗಾಯಿತು. ಉಪ್ಪ ಸ್ವಲ್ಪ ಹೊತ್ತು ಬಟ್ಟೆಯಿಂದ ಒರೆಸಿದರು. ಆಮೇಲೆ ಬೇರೆ ದಾರಿ ಕಾಣದೆ ಡಿಫ್ರಾಸ್ಟರ್ ಹಾಕಿದರು. ಒಂದೇ ನಿಮಿಷದಲ್ಲಿ ಗಾಜಿನ ಕೆಳಭಾಗ ತಿಳಿಯಾಗತೊಡಗಿತು. ನನಗೆ ಸಮಾಧಾನವಾಯಿತು, ಆದರೆ ಉಪ್ಪನ ಮುಖದಲ್ಲಿ ಸಮಾಧಾನ ಇರಲಿಲ್ಲ. ಅವರು ರಸ್ತೆಗಿಂತ ಹೆಚ್ಚಾಗಿ ಆರ್‌ಪಿಎಂ ಮೀಟರನ್ನೇ ನೋಡುತ್ತಿದ್ದರು.

ಮುಂದೆ ಒಂದು ಬಸ್ಸು ಎದುರಿನ ವಾಹನಕ್ಕೆ ಜಾಗ ಬಿಡಲು ತಿರುವಿನಲ್ಲಿ ನಿಂತಿತು. ನಾವೂ ನಿಂತೆವು. ಉಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ತಡ, ಮೀಟರಿನ ಮುಳ್ಳು ಕುಣಿಯಲು ಶುರುಮಾಡಿತು. 800ರಲ್ಲಿ ಇರಬೇಕಾದದ್ದು 500ಕ್ಕೆ ಇಳಿಯಿತು, 1200ಕ್ಕೆ ಹಾರಿತು, ಮತ್ತೆ ಇಳಿಯಿತು. ಕಾರು ಜ್ವರ ಬಂದವರ ಹಾಗೆ ನಡುಗಿತು. ಮೂರನೆಯ ಸಲ ಇಳಿದ ಮುಳ್ಳು ಮೇಲೆ ಬರಲೇ ಇಲ್ಲ. ಇಂಜಿನ್ ಆಫ್ ಆಯಿತು.

ಏರಿನಲ್ಲಿ ಕಾರು ಒಂದಡಿ ಹಿಂದಕ್ಕೆ ಜಾರಿತು. ಉಪ್ಪ ಹ್ಯಾಂಡ್‌ಬ್ರೇಕ್ ಎಳೆದರು. ಹಿಂದಿದ್ದ ಜೀಪಿನವರು ಹಾರ್ನ್ ಹೊಡೆದರು. ಎರಡು ಸಲ ಕೀ ತಿರುಗಿಸಿದ ಮೇಲೆ ಇಂಜಿನ್ ಶುರುವಾಯಿತು. ಉಪ್ಪ ಮೊದಲು ಮಾಡಿದ ಕೆಲಸ ಡಿಫ್ರಾಸ್ಟರ್ ಆಫ್ ಮಾಡಿದ್ದು. ಮುಳ್ಳು ನೆಟ್ಟಗೆ ನಿಂತಿತು, ಗಾಜು ಪುನಃ ಬೆಳ್ಳಗಾಯಿತು. "ನೀನು ಒರೆಸ್ತಾ ಇರು" ಎಂದು ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ಒರೆಸಿದ ಕಡೆ ಗಾಜು ಪೂರ್ತಿ ತಿಳಿಯಾಗುವುದಿಲ್ಲ, ಗೀಟು ಗೀಟಾಗಿ ಉಳಿಯುತ್ತದೆ. ಎದುರಿನಿಂದ ವಾಹನದ ಲೈಟ್ ಬಿದ್ದರೆ ಆ ಗೀಟುಗಳೆಲ್ಲ ಹೊಳೆದು ಏನೂ ಕಾಣುವುದಿಲ್ಲ. ಹಾಗೆ ಏನೂ ಕಾಣದ ಒಂದು ತಿರುವಿನಲ್ಲಿ, ರಸ್ತೆಯ ಬದಿಗೆ ಬೈಕ್ ನಿಲ್ಲಿಸಿಕೊಂಡು ರೈನ್‌ಕೋಟ್ ಹಾಕುತ್ತಿದ್ದ ಇಬ್ಬರು ನಮಗೆ ಕಂಡದ್ದು ತೀರಾ ಹತ್ತಿರ ಬಂದ ಮೇಲೆಯೇ. ಉಪ್ಪ ಬ್ರೇಕ್ ಒತ್ತಿ ಸ್ಟೇರಿಂಗ್ ತಿರುಗಿಸಿದರು. ಕಾರಿಗೂ ಅವರಿಗೂ ನಡುವೆ ಒಂದು ಮಾರು ಜಾಗವೂ ಇರಲಿಲ್ಲ. ಹಿಂದಿನಿಂದ ಅಜ್ಜ, "ಏನಾಯ್ತು?" ಎಂದರು. ಯಾರೂ ಉತ್ತರ ಕೊಡಲಿಲ್ಲ. ಕೊಟ್ಟಿಗೆಹಾರ ಮುಟ್ಟುವವರೆಗೆ ಉಪ್ಪ ಒಂದು ಮಾತೂ ಆಡಲಿಲ್ಲ. ನಾನು ಒರೆಸುತ್ತಲೇ ಇದ್ದೆ.

ಆ ರಾತ್ರಿ ನನಗೆ ವಿಷಯ ಹೇಳಿದ್ದು ಉಮ್ಮ. ಕಾರಿಗೆ ಹೀಗಾಗಿ ಎರಡು ತಿಂಗಳಾಗಿತ್ತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದಾಗ, ಎ.ಸಿ. ಕಂಪ್ರೆಸರ್ ಹೋಗಿದೆ, ಬದಲಾಯಿಸಲು 14,000 ರೂಪಾಯಿ ಆಗುತ್ತದೆ ಎಂದಿದ್ದರು. ಆ ವಾರವೇ ನನ್ನ ಕಾಲೇಜಿನ ಮತ್ತು ಹಾಸ್ಟೆಲಿನ ಫೀಸು ಕಟ್ಟಬೇಕಿತ್ತು. ಉಪ್ಪ ಫೀಸು ಕಟ್ಟಿದರು. ಅಂದಿನಿಂದ ಪ್ಯಾಸೆಂಜರ್‌ಗಳಿಗೆ "ಎ.ಸಿ. ಇಲ್ಲ" ಎನ್ನುತ್ತಾ, ಡಿಫ್ರಾಸ್ಟರ್ ಮುಟ್ಟದೆ, ಒಂದು ಕೈಯಲ್ಲಿ ಬಟ್ಟೆ ಹಿಡಿದು ಘಾಟಿಯಲ್ಲಿ ಓಡಿಸುತ್ತಿದ್ದರು. ಇಂಜಿನ್ ಆಫ್ ಆಗಬಾರದು ಎಂದು ಕಣ್ಣಿಗೆ ಕಾಣುವುದನ್ನೇ ಬಿಟ್ಟುಕೊಟ್ಟಿದ್ದರು. ನನಗೆ ನಿದ್ದೆ ಬರಲಿಲ್ಲ.

ಹಬ್ಬದ ಮರುದಿನ ನಾನು ಹಟ ಹಿಡಿದು ಉಪ್ಪನನ್ನು ಹೊರಡಿಸಿದೆ. ಪೇಟೆಯ ವರ್ಕ್‌ಶಾಪಿಗೆ ಅಲ್ಲ, ನಮ್ಮೂರಿನ ಹಳೆಯ ಗ್ಯಾರೇಜಿಗೆ. ಅಲ್ಲಿನ ಕಾಕ ನನ್ನ ಉಪ್ಪನಿಗಿಂತ ದೊಡ್ಡವರು. ನಾನು ಕಂಡದ್ದನ್ನೆಲ್ಲ ಹೇಳಿದೆ. ಅವರು ಬಾನೆಟ್ ಎತ್ತಿ, ಇಂಜಿನ್ ಬಿಸಿಯಾಗುವವರೆಗೆ ಸುಮ್ಮನೆ ನಿಂತರು. ಆಮೇಲೆ ಡಿಫ್ರಾಸ್ಟರ್ ಹಾಕಿಸಿದರು. ಮುಳ್ಳು ಕುಣಿಯಿತು. ಆಫ್ ಮಾಡಿಸಿದರು. ಮುಳ್ಳು ನಿಂತಿತು. ಇಷ್ಟನ್ನು ವರ್ಕ್‌ಶಾಪಿನವರೂ ನೋಡಿದ್ದರು. ಆದರೆ ಕಾಕ ಅಲ್ಲಿಗೇ ನಿಲ್ಲಿಸಲಿಲ್ಲ. ಎ.ಸಿ. ಮುಟ್ಟದೆ ಹೆಡ್‌ಲೈಟ್, ವೈಪರ್, ಬ್ಲೋವರ್ ಫ್ಯಾನ್ ಮೂರನ್ನೂ ಒಟ್ಟಿಗೆ ಹಾಕಿಸಿದರು. ಮುಳ್ಳು ಈಗಲೂ ಇಳಿಯಿತು, ಕಡಿಮೆ ಅಷ್ಟೇ.

"ಕಂಪ್ರೆಸರ್ ಹಾಳಾಗಿದ್ದರೆ ಲೈಟ್ ಹಾಕಿದಾಗ ಯಾಕೆ ಇಳೀಬೇಕು ಮಾರಾಯ?" ಎಂದು ಉಪ್ಪನನ್ನು ಕೇಳಿದರು. "ಎ.ಸಿ.ಯದ್ದು ತಪ್ಪಲ್ಲ. ಭಾರ ಬಿದ್ದಾಗ ಇಂಜಿನಿಗೆ ಉಸಿರು ಸಾಕಾಗುವುದಿಲ್ಲ."

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಸ್ಟೀಲ್ ಲೋಟಕ್ಕೆ ಫ್ರಿಜ್ಜಿನ ನೀರು ಹಾಕಿದರೆ ಹೊರಗೆ ಹನಿ ಕಟ್ಟುತ್ತದಲ್ಲ, ಕಾರಿನ ಗಾಜು ಮಂಜಾಗುವುದೂ ಹಾಗೆಯೇ. ಹೊರಗಿನ ಮಳೆಗೆ ಗಾಜು ತಣ್ಣಗಾಗಿರುತ್ತದೆ, ಒಳಗಿನ ಗಾಳಿಯಲ್ಲಿ ನಮ್ಮ ಉಸಿರಿನ ತೇವ ತುಂಬಿರುತ್ತದೆ. ಆ ತೇವ ಗಾಜಿನ ಮೇಲೆ ಸಣ್ಣ ಸಣ್ಣ ಹನಿಯಾಗಿ ಕೂರುತ್ತದೆ. ಇದನ್ನು ತೆಗೆಯಲು ಬರೀ ಬಿಸಿ ಗಾಳಿ ಸಾಲದು, ಒಣ ಗಾಳಿ ಬೇಕು. ಡಿಫ್ರಾಸ್ಟರ್ ಜೊತೆ ಎ.ಸಿ.ಯೂ ಓಡುವುದು ಇದಕ್ಕೇ. ಎ.ಸಿ.ಯ ತಣ್ಣನೆಯ ಕಾಯಿಲ್ ಮೇಲೆ ಹಾದುಹೋಗುವಾಗ ಗಾಳಿಯ ತೇವವೆಲ್ಲ ನೀರಾಗಿ ಇಳಿದು ಕಾರಿನ ಕೆಳಗೆ ಸುರಿಯುತ್ತದೆ. ಒಣಗಿದ ಗಾಳಿ ಹೀಟರಿನಲ್ಲಿ ಬೆಚ್ಚಗಾಗಿ ಗಾಜಿಗೆ ಬಡಿದು ಅಲ್ಲಿನ ಹನಿಯನ್ನು ಹೀರುತ್ತದೆ.

ಆದರೆ ಎ.ಸಿ. ಕಂಪ್ರೆಸರನ್ನು ತಿರುಗಿಸುವುದು ಇಂಜಿನೇ, ಬೆಲ್ಟಿನ ಮೂಲಕ. ಬ್ಲೋವರ್, ಲೈಟ್, ವೈಪರ್‌ಗಳಿಗೆ ಕರೆಂಟ್ ಕೊಡುವ ಆಲ್ಟರ್ನೇಟರನ್ನು ತಿರುಗಿಸುವುದೂ ಇಂಜಿನೇ. ಮಳೆಯ ಸಂಜೆಯಲ್ಲಿ ಈ ಭಾರವೆಲ್ಲ ಒಟ್ಟಿಗೆ ಬೀಳುತ್ತದೆ. ಕಾರು ಓಡುತ್ತಿರುವಾಗ ಕಾಲು ಆಕ್ಸಿಲರೇಟರ್ ಮೇಲಿರುತ್ತದೆ, ಗಾಳಿ ಒಳಹೋಗುವ ಥ್ರಾಟಲ್ ತೆರೆದಿರುತ್ತದೆ, ಭಾರ ಗೊತ್ತಾಗುವುದಿಲ್ಲ. ನಿಂತಾಗ ಥ್ರಾಟಲ್ ಮುಚ್ಚಿಕೊಳ್ಳುತ್ತದೆ. ಆಗ ಇಂಜಿನಿಗೆ ಗಾಳಿ ಸಿಗುವುದು ಬದಿಯ ಒಂದು ಸಣ್ಣ ದಾರಿಯಿಂದ. ಆ ದಾರಿಗೆ ಒಂದು ವಾಲ್ವ್ ಇದೆ. ಭಾರ ಬಿದ್ದಾಗ ಕಾರಿನ ಕಂಪ್ಯೂಟರ್ ಅದನ್ನು ಇಷ್ಟು ತೆರೆ ಎನ್ನುತ್ತದೆ, ಭಾರ ಇಳಿದಾಗ ಇಷ್ಟು ಮುಚ್ಚು ಎನ್ನುತ್ತದೆ.

ನಮ್ಮ ಕಾರಿನಲ್ಲಿ ಆ ದಾರಿಯನ್ನೇ ಮಸಿ ಕಟ್ಟಿಬಿಟ್ಟಿತ್ತು. ಕಾಕ ಗಾಳಿಯ ಪೈಪ್ ಬಿಚ್ಚಿ ತೋರಿಸಿದಾಗ, ಥ್ರಾಟಲ್ ಒಳಗೆ ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕಪ್ಪಾಗಿತ್ತು. ವಾಲ್ವ್ ಅಂಟಿ ಅಂಟಿ ಚಲಿಸುತ್ತಿತ್ತು. ಕಂಪ್ಯೂಟರ್ ತೆರೆ ಎಂದಾಗ ತಡವಾಗಿ ತೆರೆಯುತ್ತಿತ್ತು, ಅಷ್ಟರಲ್ಲಿ ಮುಳ್ಳು 500ಕ್ಕೆ ಬಿದ್ದಿರುತ್ತಿತ್ತು. ಆಮೇಲೆ ಒಮ್ಮೆಲೇ ಹೆಚ್ಚು ತೆರೆದು 1200ಕ್ಕೆ ಹಾರುತ್ತಿತ್ತು. ಮುಚ್ಚು ಎಂದರೆ ಅದೂ ತಡ. ಇದರ ಮಧ್ಯೆ ಕಂಪ್ರೆಸರ್ ತಾನಾಗಿಯೇ ಆಗಾಗ ಆಫ್ ಆಗಿ ಆನ್ ಆಗುವುದರಿಂದ ಪ್ರತಿ ಸಲವೂ ಹೊಸ ಪೆಟ್ಟು.

ಇಂಜಿನ್ ಆಫ್ ಮಾಡಿ ಕಾಕ ಆ ಭಾಗವನ್ನು ಬಿಚ್ಚಿದರು. ಕ್ಲೀನರ್ ಸ್ಪ್ರೇ ಹೊಡೆದು, ಹಳೆಯ ಟೂತ್‌ಬ್ರಶ್‌ನಿಂದ ನಿಧಾನವಾಗಿ ಉಜ್ಜಿದರು. ನಾನು ಟಾರ್ಚ್ ಹಿಡಿದೆ. ಕಪ್ಪು ನೀರು ಇಳಿಯಿತು. ಗಾಳಿಯ ಫಿಲ್ಟರ್ ಬದಲಾಯಿಸಿದರು, ರಬ್ಬರ್ ಪೈಪ್‌ಗಳಲ್ಲಿ ಬಿರುಕು ಇದೆಯೇ ಎಂದು ಬಗ್ಗಿಸಿ ನೋಡಿದರು. ಪುನಃ ಜೋಡಿಸಿ, ಇಂಜಿನನ್ನು ಸ್ವಲ್ಪ ಹೊತ್ತು ಹಾಗೆಯೇ ಓಡಲು ಬಿಟ್ಟು, ಕೊನೆಗೆ ಡಿಫ್ರಾಸ್ಟರ್ ಹಾಕಿಸಿದರು. ಮುಳ್ಳು ಒಂದು ಕೂದಲಿನಷ್ಟು ಇಳಿದು, ಮೇಲೆ ಬಂದು, ಅಲ್ಲಿಯೇ ನಿಂತಿತು. ಲೈಟ್ ಹಾಕಿದರೂ ನಿಂತಿತು. ಎಲ್ಲ ಸೇರಿ 850 ರೂಪಾಯಿ ಆಯಿತು. ಉಪ್ಪ ಏನೂ ಹೇಳಲಿಲ್ಲ, ಡಿಫ್ರಾಸ್ಟರನ್ನು ನಾಲ್ಕೈದು ಸಲ ಹಾಕಿ ತೆಗೆದು ಮಾಡಿದರು.

ರಜೆ ಮುಗಿಸಿ ಬಂದು ಇದನ್ನು ಫಿಸಿಕ್ಸ್ ಸರ್‌ಗೆ ಹೇಳಿದೆ. ಹೀಗೆ ಮೇಲೆ ಕೆಳಗೆ ಹೊಯ್ದಾಡುವುದಕ್ಕೆ ಇಂಜಿನಿಯರುಗಳು 'ಹಂಟಿಂಗ್' ಎನ್ನುತ್ತಾರೆ, ಇದು ಉಗಿ ಇಂಜಿನಿನ ಕಾಲದಿಂದಲೂ ಇರುವ ತೊಂದರೆ ಎಂದರು. ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿ ಇಂಜಿನಿನ ವೇಗವನ್ನು ಹಿಡಿತದಲ್ಲಿಡಲು ಗವರ್ನರ್ ಅಳವಡಿಸಿದ. ಅಂಥ ಗವರ್ನರ್‌ಗಳು ಯಾವಾಗ ನೆಟ್ಟಗೆ ನಿಲ್ಲುತ್ತವೆ, ಯಾವಾಗ ಹೊಯ್ದಾಡುತ್ತವೆ ಎಂಬುದನ್ನು 1868ರಲ್ಲಿ ಗಣಿತದಿಂದ ವಿವರಿಸಿದ್ದು ನಮ್ಮ ಪಾಠದಲ್ಲಿ ಬರುವ ಮ್ಯಾಕ್ಸ್‌ವೆಲ್. ಅದಕ್ಕೂ ಸಾವಿರ ವರ್ಷ ಹಿಂದೆ, 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂಬ ಮೂವರು ಸಹೋದರರು ಬರೆದ 'ಕಿತಾಬುಲ್ ಹಿಯಲ್' ಎಂಬ ಪುಸ್ತಕದಲ್ಲಿ, ನೀರಿನ ಮಟ್ಟವನ್ನು ತಾನೇ ಕಾಯ್ದುಕೊಳ್ಳುವ ಪಾತ್ರೆಗಳ ವಿವರ ಇದೆಯಂತೆ. ನಾವು ದಿನಾ ವುಝೂ ಮಾಡುವ ಟ್ಯಾಂಕಿನ ಫ್ಲೋಟ್ ವಾಲ್ವ್ ಮಾಡುವುದೂ ಅದೇ ಕೆಲಸ. ನೀರು ಇಳಿದರೆ ತೆರೆಯುತ್ತದೆ, ತುಂಬಿದರೆ ಮುಚ್ಚುತ್ತದೆ. ಅದು ಅಂಟಿಕೊಂಡ ದಿನ ಏನಾಯಿತು ಎಂದು ಹಾಸ್ಟೆಲಿನವರಿಗೆಲ್ಲ ಗೊತ್ತಿದೆ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಸರ್ ಜೊತೆ ಮಾತಾಡಿ ಬರುವಾಗ ನನಗೆ ನನ್ನದೇ ಒಂದು ವಿಷಯ ನೆನಪಾಯಿತು. ಫಸ್ಟ್ ಪಿಯುಸಿಯ ಅರ್ಧದಿಂದಲೇ ನನಗೆ ಗಣಿತ ಕಷ್ಟವಾಗುತ್ತಿತ್ತು. ಬೋರ್ಡಿಗೆ ಕರೆದರೆ ಕೈ ನಡುಗುತ್ತಿತ್ತು. ಅದಕ್ಕೆ ನಾನು ಕಂಡುಕೊಂಡ ಉಪಾಯ, ಹಿಂದಿನ ಬೆಂಚಿಗೆ ಹೋಗಿ ಕೂತು ಪ್ರಶ್ನೆ ಕೇಳುವುದನ್ನೇ ಬಿಟ್ಟದ್ದು. ಕೇಳದಿದ್ದರೆ ತಪ್ಪುವುದೂ ಇಲ್ಲ, ನಡುಗುವುದೂ ಇಲ್ಲ. ಮನೆಯಲ್ಲಿ ಕೇಳಿದರೆ "ಪರವಾಗಿಲ್ಲ" ಎನ್ನುತ್ತಿದ್ದೆ. ಉಪ್ಪ ಪ್ಯಾಸೆಂಜರ್‌ಗಳಿಗೆ "ಎ.ಸಿ. ಇಲ್ಲ" ಎಂದ ಹಾಗೆ. ಆ ಫೀಸಿಗಾಗಿಯೇ ಅವರು ಮಂಜು ಕವಿದ ಗಾಜಿನ ಹಿಂದೆ ಕೂತಿದ್ದರು ಎಂದು ನೆನೆದಾಗ ನನಗೆ ನಾಚಿಕೆಯಾಯಿತು.

ಆ ಶನಿವಾರ ಗಣಿತದ ಮೇಡಂ ಹತ್ತಿರ ಹೋಗಿ, ನನಗೆ ತ್ರಿಕೋನಮಿತಿಯಿಂದಲೇ ಗೊತ್ತಿಲ್ಲ ಎಂದು ಹೇಳಿದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದು ಮಾತ್ರ ಕೇಳಿದರು. ಈಗ ಮಧ್ಯಾಹ್ನದ ಊಟದ ಬಿಡುವಿನಲ್ಲಿ ವಾರಕ್ಕೆ ಎರಡು ದಿನ ಹೇಳಿಕೊಡುತ್ತಿದ್ದಾರೆ. ಕಳೆದ ಟೆಸ್ಟಿನಲ್ಲಿ ಪಾಸಾಗಿದ್ದೇನೆ, ಹೆಚ್ಚೇನೂ ಅಲ್ಲ. ಫಸ್ಟ್ ಪಿಯುಸಿಯಲ್ಲಿ ಮುಚ್ಚಿಟ್ಟದ್ದನ್ನೂ ಸೇರಿಸಿ ಎಲ್ಲವನ್ನೂ ಉಪ್ಪನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ಮುಂದೆ ಇಬ್ಬರೂ ಮೊದಲೇ ಹೇಳೋಣ" ಎಂದರು.

ಮನೆಯಲ್ಲಿ ಹಳೆಯ ಕಾರು ಇರುವ ಗೆಳೆಯ ಗೆಳತಿಯರಿಗೆ ಕೊನೆಗೆ ಒಂದೆರಡು ಮಾತು. ಮಳೆಗಾಲ ಶುರುವಾಗುವ ಮೊದಲು, ಕಾರು ನಿಂತಿರುವಾಗ ಡಿಫ್ರಾಸ್ಟರ್ ಹಾಕಿ ಮುಳ್ಳನ್ನು ನೋಡಿ. ಅದು ಕುಣಿದರೆ, ದೊಡ್ಡ ಖರ್ಚಿಗೆ ಒಪ್ಪುವ ಮೊದಲು ಬರೀ ಲೈಟ್ ಹಾಕಿಯೂ ನೋಡಿ, ಥ್ರಾಟಲ್ ಕ್ಲೀನ್ ಮಾಡಿಸಿ ನೋಡಿ. ಗಾಜು ಮಂಜಾದಾಗ ಹೊರಗಿನ ಗಾಳಿ ಒಳಬರುವ ಹಾಗೆ ಇಡಿ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಉಸಿರಿನ ತೇವ ಒಳಗೇ ಉಳಿಯುತ್ತದೆ. ಏನೂ ಕಾಣದಿದ್ದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹತ್ತು ನಿಮಿಷ ತಡವಾದರೆ ಮನೆಯವರು ಕಾಯುತ್ತಾರೆ.

ಆ ಬಟ್ಟೆ ಈಗಲೂ ಕಾರಿನಲ್ಲಿದೆ. ಈಗ ಅದರಲ್ಲಿ ಉಪ್ಪ ಹೊರಗಿನ ಕನ್ನಡಿ ಒರೆಸುತ್ತಾರೆ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ