ತಂಗಿಯ ಮಾತ್ರೆ, ನನ್ನ ತಪ್ಪು

ನಿಮ್ಮ ಮನೆಯಲ್ಲಿ ಯಾರಿಗಾದರೂ ಮೆದುಳಿನ ಗೆಡ್ಡೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ನನ್ನ ತಂಗಿಗೆ ಆಪರೇಷನ್ ಆಗಿ, ವಿಕಿರಣವೂ ಮುಗಿದು ಹನ್ನೊಂದು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅವಳ ಎಡಗೈಯಿಂದ ಚಹಾದ ಲೋಟ ಜಾರಿತು. ಮರುದಿನವೂ ಜಾರಿತು. ಎಂ.ಆರ್.ಐ.ಯಲ್ಲಿ ಹಳೆಯ ಜಾಗದಲ್ಲೇ ಬಿಳಿ ಮಚ್ಚೆ. ಗೆಡ್ಡೆ ಮರಳಿ ಬಂತೆಂದು ಉಮ್ಮ ಅತ್ತರು. ನೆಂಟರು ಬಂದು ಪಿಸುಗುಟ್ಟಿ ಹೋದರು.

ವೈದ್ಯರು ಅವಸರಪಡಲಿಲ್ಲ. ವಿಕಿರಣವು ಗೆಡ್ಡೆಯ ಸುತ್ತಲಿನ ಸಣ್ಣ ರಕ್ತನಾಳಗಳನ್ನೂ ಕೆಡಿಸಬಹುದಂತೆ. ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಅಲ್ಲಿನ ಅಂಗಾಂಶ ಸತ್ತು, ಸುತ್ತ ನೀರು ತುಂಬಿ ಊದುತ್ತದೆ. ಚಿತ್ರದಲ್ಲಿ ಅದು ಗೆಡ್ಡೆಯಂತೆಯೇ ಕಾಣುತ್ತದೆ. ರಕ್ತದ ಹರಿವನ್ನು ತೋರಿಸುವ ಇನ್ನೊಂದು ಸ್ಕ್ಯಾನ್ ಮಾಡಿಸಿ, 'ಇದು ವಿಕಿರಣದ ಗಾಯವೇ ಇರಬೇಕು' ಎಂದರು.

ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ನಾಲ್ಕೇ ದಿನದಲ್ಲಿ ಲೋಟ ಕೈಯಲ್ಲಿ ನಿಂತಿತು. ಆದರೆ ವಾರಗಳು ಕಳೆದಂತೆ ಮುಖ ಗುಂಡಗೆ ಊದಿತು, ಸಕ್ಕರೆ ಏರಿತು. ರಾತ್ರಿ ನಿದ್ದೆಯಿಲ್ಲ, ಹಗಲು ಮಕ್ಕಳ ಮೇಲೆ ರೇಗಾಟ. ಅಷ್ಟರಲ್ಲಿ ರಮಝಾನ್ ಬಂತು. 'ಇದನ್ನು ಬಿಟ್ಟು ಉಪವಾಸ ಹಿಡಿಯಲೇ ಅಕ್ಕಾ?' ಎಂದು ಕೇಳಿದಳು. ನಾನು ಮದ್ರಸದಲ್ಲಿ ಕಲಿತವಳು, ರೋಗಿಗೆ ಉಪವಾಸದಿಂದ ವಿನಾಯಿತಿ ಇದೆಯೆಂದು ಪ್ರತಿವರ್ಷ ಮಕ್ಕಳಿಗೆ ಕಲಿಸುವವಳು. ಆದರೂ ಅವಳ ಆಸೆಗೆ ಇಲ್ಲವೆನ್ನಲಾರದೆ, 'ಕೆಲವು ದಿನ ಬಿಟ್ಟು ನೋಡು' ಎಂದುಬಿಟ್ಟೆ.

ಮೂರನೇ ದಿನ ವಾಂತಿ, ತಲೆಸುತ್ತು, ಹಾಸಿಗೆಯಿಂದ ಏಳಲಾಗದ ನಿತ್ರಾಣ. ರಾತ್ರಿಯೇ ಆಸ್ಪತ್ರೆಗೆ ಓಡಿದೆವು. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಾವೇ ತಯಾರಿಸುತ್ತವೆ. ಹೊರಗಿನಿಂದ ವಾರಗಟ್ಟಲೆ ಕೊಟ್ಟರೆ ಅವು ಕೆಲಸ ಮರೆತು ಮಲಗುತ್ತವೆ. ಹಠಾತ್ತನೆ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಈ ಮಾತನ್ನು ಅವರು ಮೊದಲೇ ಚೀಟಿಯಲ್ಲಿ ಬರೆದಿದ್ದರು. ನಾನು ಓದಿರಲಿಲ್ಲ. ಬಿ.ಎ. ಮಾಡಿದವಳು ನಾನು!

ಮಾತ್ರೆ ಮತ್ತೆ ಶುರುವಾಯಿತು. ಅದನ್ನು ಇಳಿಸಲು ಅನುಕೂಲವಾಗಲೆಂದು ಬೆವಾಸಿಝುಮ್ಯಾಬ್ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಟ್ಟರು. ಗಾಯದ ಜಾಗವು ಹೊಸ ರಕ್ತನಾಳಕ್ಕಾಗಿ ಒಂದು ಪ್ರೋಟೀನನ್ನು ಸುರಿಸುತ್ತದೆ. ಅದರಿಂದ ನಾಳಗಳು ಸೋರಿ ಊತ ಹೆಚ್ಚುತ್ತದೆ. ಈ ಔಷಧ ಆ ಪ್ರೋಟೀನನ್ನು ಕಟ್ಟಿಹಾಕುತ್ತದೆ. 2004ರಲ್ಲಿ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರಿಗೆ ಒಪ್ಪಿಗೆ ಪಡೆದ ಔಷಧವಿದು. 2011ರಲ್ಲಿ ಅಲ್ಲಿನ 14 ರೋಗಿಗಳ ಅಧ್ಯಯನವೊಂದು ಪ್ರಕಟವಾಯಿತು. ಔಷಧ ಪಡೆದವರೆಲ್ಲ ಸುಧಾರಿಸಿದ್ದರು, ಬರಿಯ ಉಪ್ಪುನೀರು ಪಡೆದವರಲ್ಲಿ ಯಾರೂ ಇಲ್ಲ. 2018ರಲ್ಲಿ ಚೀನಾದ 112 ರೋಗಿಗಳ ಅಧ್ಯಯನದಲ್ಲಿ ಇದು ಶೇ. 65.5 ಮಂದಿಗೆ ಫಲಿಸಿದರೆ, ಸ್ಟೀರಾಯ್ಡ್ ಫಲಿಸಿದ್ದು ಶೇ. 31.5 ಮಂದಿಗೆ.

ಹಾಗೆಂದು ಸತ್ತ ಅಂಗಾಂಶಕ್ಕೆ ಇದು ಜೀವ ಕೊಡುವುದಿಲ್ಲ, ಊತವನ್ನಷ್ಟೇ ಇಳಿಸುತ್ತದೆ. ರಕ್ತದೊತ್ತಡ ಏರಬಹುದು, ರಕ್ತಸ್ರಾವವಾಗಬಹುದು, ರಕ್ತ ಹೆಪ್ಪುಗಟ್ಟಬಹುದು. ಪ್ರತಿ ಸಲವೂ ರಕ್ತದೊತ್ತಡ, ಮೂತ್ರ ನೋಡಿಯೇ ಕೊಡುತ್ತಿದ್ದರು. 2017ರಲ್ಲಿ ಬೆಂಗಳೂರಿನ ಬಯೋಕಾನ್ ಕೂಡ ಇದರ ಸಮಾನರೂಪವನ್ನು ಮಾರುಕಟ್ಟೆಗೆ ತಂದಿದೆ. ಆದರೂ ನಮ್ಮಂಥವರಿಗೆ ದುಬಾರಿಯೇ. ಉಮ್ಮನ ಎರಡು ಬಳೆ ಹೋಯಿತು.

ನಾಲ್ಕು ಡ್ರಿಪ್ ಮುಗಿದಿವೆ. ಮಾತ್ರೆ ಅರ್ಧಕ್ಕೆ ಇಳಿದಿದೆ. ಬಿಟ್ಟ ಉಪವಾಸಗಳ ಲೆಕ್ಕವನ್ನು ತಂಗಿ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ. ಮೊನ್ನೆ ಅವಳೇ ಅಕ್ಕಿರೊಟ್ಟಿ ತಟ್ಟಿದಳು. ಎಡಗೈಗೆ ಇನ್ನೂ ಪೂರ್ತಿ ಬಲ ಬಂದಿಲ್ಲ, ರೊಟ್ಟಿ ಒಂದು ಕಡೆ ದಪ್ಪವಿತ್ತು.