ಅರೆ ಗುಂಗುರು

ಬೋವಿಕಾನದಂತಹ ಸಣ್ಣ ಪೇಟೆಯಲ್ಲಿ ತಲೆಗೂದಲ ಸಂಗತಿಯೂ ಊರ ಸಂಗತಿಯೇ. ಕಡ್ಡಿಯಂತೆ ನೆಟ್ಟಗಿದ್ದ ನಮ್ಮ ಕೂದಲು ಈಗ ಅಲೆಯಲೆಯಾದುದಕ್ಕೆ ಕಂಡವರೆಲ್ಲ ಕಾರಣ ಕೇಳುತ್ತಾರೆ. ಕೂದಲಿನ ಕೆರಾಟಿನ್ನಿನಲ್ಲಿರುವ ಗಂಧಕದ ಬಂಧಗಳನ್ನು ರಾಸಾಯನಿಕ ಲೇಪವು ಮುರಿಯುತ್ತದೆ. ಹಾಗೆ ನೆಟ್ಟಗಾದ ಭಾಗ ಮತ್ತೆ ಗುಂಗುರಾಗದು. ಬುಡದಿಂದ ಹೊಸತೇ ಬರಬೇಕು, ಅದೂ ತಿಂಗಳಿಗೆ ಸುಮಾರು 1 ಸೆಂಟಿಮೀಟರು. ಆದುದರಿಂದ ನಾವು ಹೊಸ ಬುಡಕ್ಕೆ ಹಚ್ಚಿದ ಲೇಪವನ್ನು ಬೇಗನೆ ತೊಳೆಯಿಸುತ್ತ, ಹಳೆಯ ತುದಿಯನ್ನು ಕತ್ತರಿಸುತ್ತ ಬಂದೆವು. ಎರಡೂ ಸೇರುವಲ್ಲಿ ಎಳೆ ಬಲು ಬೇಗ ತುಂಡಾಗುತ್ತದೆ. ಅಲ್ಲಿ ಬಾಚಣಿಗೆಗಿಂತ ಬೆರಳೇ ಲೇಸು. ಸಿಕ್ಕು ಬಿಡಿಸಲು ದಾಸವಾಳದೆಲೆಯ ಗೊಂಪು ಪೇಟೆಯ ಸೀಸೆಗಳಿಗೆ ಸೋಲದು. ಲೇಪವನ್ನು ಪೂರ್ತಿ ಬಿಡಬಾರದೇ ಎನ್ನುವವರಿದ್ದಾರೆ. ಬೆಳಗಿನ ಬಸ್ಸು ಹಿಡಿಯುವವರಿಗೆ ಅಷ್ಟು ಪುರುಸೊತ್ತೆಲ್ಲಿ! ಮೊನ್ನೆ ತರಗತಿಯಲ್ಲಿ, ಗುಂಗುರುಗೂದಲನ್ನು ಸದಾ ಬಿಗಿದು ಹೆಣೆಯುತ್ತಿದ್ದ ಹುಡುಗಿಯೊಬ್ಬಳು, "ಟೀಚರ್, ನಿಮ್ಮದೂ ನನ್ನ ಹಾಗೆಯೇ ಅಲ್ಲವೇ?" ಎಂದಳು. ಮರುದಿನ ಅವಳ ಜಡೆ ಸಡಿಲವಾಗಿತ್ತು.