ಒಂದು ಚೆಂಡು, ಹಲವು ಕೈ: ಗ್ರೀನ್ ಬೇ ಟಿಪ್ಪಣಿಗಳು

ಏಪ್ರಿಲ್ 24, 2025

ಮಗಳ ಮನೆಗೆ ಬಂದು ಎರಡು ವಾರವಾಯಿತು. ಊರು ಗ್ರೀನ್ ಬೇ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ್ದು. ಒಂದು ಲಕ್ಷ ಚಿಲ್ಲರೆ ಜನ, ಕಾಗದದ ಕಾರ್ಖಾನೆಗಳು, ಒಂದು ನದಿ, ಅದು ಸೇರುವ ಕೊಲ್ಲಿ. ಇವತ್ತು ಮಾತ್ರ ಊರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್ ಇಲ್ಲಿಯೇ ನಡೆಯುತ್ತಿದೆ: ಕಾಲೇಜಿನಲ್ಲಿ ಆಡಿದ ಆಟಗಾರರನ್ನು 32 ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಮೂರು ದಿನದ ಕಾರ್ಯಕ್ರಮ. ಈ ಊರಿನ ತಂಡ ಪ್ಯಾಕರ್ಸ್. ಅವರ ಸರದಿ 23ನೆಯದು. ಟೆಕ್ಸಾಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗೋಲ್ಡನ್ ಎಂಬ ಹುಡುಗನ ಹೆಸರು ಕೂಗಿದ್ದೇ ತಡ, ಎದ್ದ ಗದ್ದಲ ನಮ್ಮ ಮನೆಯ ಅಂಗಳದವರೆಗೂ ಕೇಳಿಸಿತು.

ಪಕ್ಕದ ಮನೆಯ ಹಿರಿಯರು ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಬೇಲಿಯ ಆಚೆಯಿಂದ ನನ್ನ ಕೈ ಹಿಡಿದು ಕುಲುಕಿದರು. ಅವರ ಕಣ್ಣು ಒದ್ದೆಯಾಗಿತ್ತು. ಪ್ಯಾಕರ್ಸ್ ಮೊದಲ ಸುತ್ತಿನಲ್ಲೇ ಒಬ್ಬ ವೈಡ್ ರಿಸೀವರ್‌ನನ್ನು ಆರಿಸಿದ್ದು 2002ರ ನಂತರ ಇದೇ ಮೊದಲಂತೆ. ಈ ತಂಡಕ್ಕೆ ಇನ್ನೂ ಆಡಿಯೇ ಇಲ್ಲದ ಹುಡುಗನ ಹೆಸರು ಕೇಳಿ ಎಪ್ಪತ್ತು ದಾಟಿದವರ ಕಣ್ಣು ತುಂಬುವುದು ಏಕೆ? ಈ ಪುಸ್ತಕದಲ್ಲಿ ಬರೆದುಕೊಂಡ ಮೊದಲ ಪ್ರಶ್ನೆ ಅದು.

ಮೇ

ಆಟ ತಿಳಿದುಕೊಳ್ಳುತ್ತಿದ್ದೇನೆ. ಹೆಸರು ಫುಟ್‌ಬಾಲ್ ಆದರೂ ಹೆಚ್ಚಿನ ಕೆಲಸ ಕೈಯದು. ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾನೆ, ಅಂಚಿನಲ್ಲಿ ನಿಂತ ವೈಡ್ ರಿಸೀವರ್ ಓಡಿ, ತಿರುಗಿ, ಹಿಡಿಯುತ್ತಾನೆ. ಅವನು ಎಲ್ಲಿ ತಿರುಗಬೇಕು ಎಂಬುದು ಮೊದಲೇ ನಿಗದಿ. ಎಷ್ಟೋ ಸಲ ಅವನು ತಿರುಗುವ ಮೊದಲೇ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈ ಬಿಟ್ಟಿರುತ್ತದೆ. ನಂಬಿಕೆಯ ಮೇಲೆ ನಡೆಯುವ ಕೆಲಸ.

ಮುಂದಿನ ಸಾಲಿನ ದಪ್ಪ ಆಟಗಾರರು ಇಡೀ ದಿನ ತಳ್ಳಾಡಿದರೂ ನನ್ನ ಕಣ್ಣಿಗೆ ಏನೂ ಕಾಣುವುದಿಲ್ಲ. ರಿಸೀವರ್ ಮಾಡಿದ್ದು ಮಾತ್ರ ಪೂರ್ತಿಯಾಗಿ ಕಾಣುತ್ತದೆ. ಓಡಿದ, ಹಾರಿದ, ಹಿಡಿದ. ಮನಸ್ಸಿನಲ್ಲಿ ಹಾಗೇ ಉಳಿದುಬಿಡುತ್ತದೆ. ಆಸೆ ಈ ಆಟಗಾರರ ಸುತ್ತಲೇ ಗೂಡು ಕಟ್ಟುವುದಕ್ಕೆ ಅದೂ ಒಂದು ಕಾರಣವಿರಬೇಕು.

ಹಿರಿಯರ ಮನೆಯ ಗೋಡೆಯಲ್ಲಿ ಚೌಕಟ್ಟು ಹಾಕಿಸಿದ ಒಂದು ಕಾಗದವಿದೆ. ತಂಡದ ಷೇರು. ಪ್ಯಾಕರ್ಸ್ ತಂಡಕ್ಕೆ ಒಬ್ಬ ಮಾಲೀಕನಿಲ್ಲ. ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಈ ಷೇರಿಗೆ ಲಾಭಾಂಶವಿಲ್ಲ, ಲಾಭಕ್ಕೆ ಮಾರುವಂತೆಯೂ ಇಲ್ಲ. ಆದರೂ 300 ಡಾಲರ್ ಕೊಟ್ಟು ಕೊಂಡಿದ್ದಾರೆ. ಇಲ್ಲಿನ ಲ್ಯಾಂಬೋ ಫೀಲ್ಡ್ ಕ್ರೀಡಾಂಗಣದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಹಾಗಿದ್ದೂ ವರ್ಷದ ಟಿಕೆಟ್‌ಗಾಗಿ ಕಾಯುವವರ ಪಟ್ಟಿಯಲ್ಲಿ ಒಂದು ಲಕ್ಷಕ್ಕೂ ಮೀರಿ ಹೆಸರುಗಳಿವೆ. ವರ್ಷಗಟ್ಟಲೆ ಕಾಯುವವರಿಗೆ ಇನ್ನೊಂದು ಬೇಸಿಗೆ ಆಸೆ ಇಟ್ಟುಕೊಳ್ಳುವುದು ಕಷ್ಟವಲ್ಲ.

ಜೂನ್ 5

ಮೊನ್ನೆ ಇಲ್ಲಿ ಕೂತು ಆರ್‌ಸಿಬಿ ಗೆದ್ದದ್ದನ್ನು ನೋಡಿದೆ. ‘ಈ ಸಲ ಕಪ್ ನಮ್ದೇ’ ಎಂದು ನಾವು 18 ಸೀಸನ್ ಹೇಳಿದ ಮಾತು ನಿಜವಾಯಿತು. ಮರುದಿನ ಬೆಂಗಳೂರಿನ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಹೋದರು. ತಂಡವನ್ನು ಪ್ರೀತಿಸಿದ್ದಷ್ಟೇ ಅವರು ಮಾಡಿದ್ದು. ಎರಡು ದಿನದಿಂದ ಬೇರೇನೂ ಬರೆಯಲು ಆಗಿಲ್ಲ.

ಜೂನ್ ಕೊನೆ

ಹಿರಿಯರು ದಿನಾ ಸಂಜೆ ಒಂದೊಂದು ದಿನದ ಕಥೆ ಹೇಳುತ್ತಾರೆ. ಒಬ್ಬೊಬ್ಬ ರಿಸೀವರ್‌ಗೆ ಒಂದೊಂದು ದಿನ.

ರೋಮಿಯೋ ಡೌಬ್ಸ್: 2024ರ ಜನವರಿ, ಡಲ್ಲಾಸ್‌ನಲ್ಲಿ ಪ್ಲೇಆಫ್, ಚೆಂಡು ಹಿಡಿದು ಗಳಿಸಿದ್ದು 151 ಗಜ. ಜೇಡನ್ ರೀಡ್: ಅದೇ ವರ್ಷದ ಸೆಪ್ಟೆಂಬರ್, ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಈಗಲ್ಸ್ ಎದುರು 138. ಕ್ರಿಶ್ಚಿಯನ್ ವಾಟ್ಸನ್: 2022ರ ನವೆಂಬರ್, ಇದೇ ಲ್ಯಾಂಬೋದಲ್ಲಿ ಕೌಬಾಯ್ಸ್ ಎದುರು ಮೂರು ಟಚ್‌ಡೌನ್, 107 ಗಜ. ಬೋ ಮೆಲ್ಟನ್: 2023ರ ಡಿಸೆಂಬರ್ 31, ಮಿನೆಸೋಟಾದಲ್ಲಿ 105. ಡೊಂಟೇವಿಯನ್ ವಿಕ್ಸ್ ಬಗ್ಗೆ ಅಂಕಿ ಹೇಳಲಿಲ್ಲ. ಅವನು ತಿರುಗುವ ರೀತಿಯನ್ನು ಅಂಗಳದಲ್ಲಿ ತಾವೇ ನಾಲ್ಕು ಹೆಜ್ಜೆ ಹಾಕಿ ತೋರಿಸಿದರು. ಇವರೆಲ್ಲರ ಮೇಲೆ ಈಗ ಗೋಲ್ಡನ್. 40 ಗಜ ಓಡಲು ಅವನಿಗೆ 4.29 ಸೆಕೆಂಡ್ ಸಾಕಾಯಿತಂತೆ. ಮೂರನೇ ಸುತ್ತಿನಲ್ಲಿ ಬಂದ ಸೇವಿಯನ್ ವಿಲಿಯಮ್ಸ್ ಬೇರೆ.

ರಾತ್ರಿ ಕೂತು ಮೊದಲ ನಾಲ್ಕು ದಿನಗಳನ್ನು ಕೂಡಿಸಿದೆ. 501 ಗಜ ಬಂತು. ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಕಳೆದ ಸೀಸನ್‌ನಲ್ಲಿ 15 ಆಟಗಳಲ್ಲಿ ಎಸೆದು ಗಳಿಸಿದ್ದು ಒಟ್ಟು 3,389. ಆಟಕ್ಕೆ 226 ಗಜದ ಲೆಕ್ಕ. ಎಸೆದ ಚೆಂಡು 425, ಕೈ ಸೇರಿದ್ದು 268. ಆಟಕ್ಕೆ ಸುಮಾರು 18 ಕ್ಯಾಚ್ ಎಂದಾಯಿತು. ಅದನ್ನು ಐದಾರು ರಿಸೀವರ್‌ಗಳು, ಟಕರ್ ಕ್ರಾಫ್ಟ್‌ನಂಥ ಟೈಟ್ ಎಂಡ್‌ಗಳು, ರನ್ನಿಂಗ್ ಬ್ಯಾಕ್‌ಗಳು ಎಲ್ಲರೂ ಹಂಚಿಕೊಳ್ಳಬೇಕು. ಕ್ರಾಫ್ಟ್ ಒಬ್ಬನೇ 50 ಹಿಡಿದಿದ್ದಾನೆ.

ಇವರ ಆಸೆಯ ಲೆಕ್ಕದಲ್ಲಿ ಎಲ್ಲರ ಒಳ್ಳೆಯ ದಿನವೂ ಒಂದೇ ದಿನ ಬರುತ್ತದೆ. ಚೆಂಡು ಮಾತ್ರ ಒಂದೇ.

ಜುಲೈ

ನಮ್ಮ ಕಡೆ ಅಡಿಕೆ ಚೇಣಿ ಹಿಡಿಯುವವರು ನೆನಪಾದರು. ಕೊಯ್ಲಿಗೆ ಮುಂಚೆಯೇ ತೋಟ ಸುತ್ತಿ, ಕತ್ತೆತ್ತಿ ಗೊನೆ ನೋಡಿ, ಇಷ್ಟು ಕ್ವಿಂಟಲ್ ಎಂದು ಹೇಳಿ ಮುಂಗಡ ಕೊಡುವವರು. ಒಳ್ಳೆಯ ಮರ ನೋಡಿ ತೋಟವನ್ನೆಲ್ಲ ಅಳೆಯುವವನು ಆ ಕಸುಬಿನಲ್ಲಿ ಎರಡು ವರ್ಷ ನಿಲ್ಲುವುದಿಲ್ಲ. ಕೊಳೆರೋಗಕ್ಕಿಷ್ಟು, ಉದುರಿದ್ದಕ್ಕಿಷ್ಟು ಎಂದು ಮೊದಲೇ ಕಳೆಯುತ್ತಾನೆ.

ಇಲ್ಲಿಯವರು ಕಳೆಯುವುದಿಲ್ಲ. ಕಳೆಯಬೇಕಾದದ್ದು ಏನೆಂದು ಗೊತ್ತಿಲ್ಲದೆ ಅಲ್ಲ. ಹಿರಿಯರಿಗೆ ಎಲ್ಲ ಗೊತ್ತು. 2021ರಲ್ಲಿ ಡವಾಂಟೆ ಆಡಮ್ಸ್ 123 ಕ್ಯಾಚ್, 1,553 ಗಜ ಗಳಿಸಿ ತಂಡದ ದಾಖಲೆ ಬರೆದ. ಮರುವರ್ಷ ಮಾರ್ಚ್‌ನಲ್ಲಿ ಅವನನ್ನು ರೈಡರ್ಸ್ ತಂಡಕ್ಕೆ ಬಿಟ್ಟುಕೊಟ್ಟರು. ಅಲ್ಲಿಂದ ಈಚೆಗೆ ಇಲ್ಲಿ ಯಾರೂ ಸಾವಿರ ಗಜ ಮುಟ್ಟಿಲ್ಲ. ಕಳೆದ ವರ್ಷ ಎಲ್ಲರಿಗಿಂತ ಮುಂದಿದ್ದ ರೀಡ್‌ನದು 857. ಕೈಗೆ ಬಂದ ಚೆಂಡು ಜಾರಿದ್ದು ಹಲವು ಸಲ. ನೆಚ್ಚಿಕೊಳ್ಳಬಹುದಾದ ಒಬ್ಬ ಮುಖ್ಯ ರಿಸೀವರ್ ಬೇಕೆಂದು ತಂಡದ್ದೇ ರನ್ನಿಂಗ್ ಬ್ಯಾಕ್ ಜೋಶ್ ಜೇಕಬ್ಸ್ ವರ್ಷದ ಆರಂಭದಲ್ಲಿ ಬಹಿರಂಗವಾಗಿ ಹೇಳಿದ್ದಾನೆ. ವಾಟ್ಸನ್‌ನ ಮಂಡಿ ಜನವರಿಯಲ್ಲಿ ಹೋಗಿದೆ.

ಅದೇ ವಾಟ್ಸನ್ 2022ರಲ್ಲಿ ತನ್ನ ಮೊದಲ ಆಟದ ಮೊದಲ ಎಸೆತದಲ್ಲೇ, ಎದುರಿಗೆ ಯಾರೂ ಇಲ್ಲದಾಗ, ಟಚ್‌ಡೌನ್ ಆಗಬೇಕಿದ್ದ ಚೆಂಡನ್ನು ಕೈಚೆಲ್ಲಿದ. ಎರಡು ತಿಂಗಳಿಗೆ ಕೌಬಾಯ್ಸ್ ಎದುರಿನ ಆ ಮೂರು ಟಚ್‌ಡೌನ್. ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮೊದಲನೆಯದನ್ನು ಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ.

ಜುಲೈ ಕೊನೆ

ಅಭ್ಯಾಸ ಶಿಬಿರ ಶುರುವಾಗಿದೆ. ಆಟಗಾರರು ಕ್ರೀಡಾಂಗಣದಿಂದ ಅಭ್ಯಾಸದ ಮೈದಾನಕ್ಕೆ ಊರಿನ ಮಕ್ಕಳ ಸೈಕಲ್ ಏರಿ ಹೋಗುತ್ತಾರೆ. ದಶಕಗಳಿಂದ ಬಂದ ಪದ್ಧತಿ. ಆರಡಿ ಮೀರಿದ ಆಳು ಮಂಡಿ ಗದ್ದಕ್ಕೆ ತಾಗುವಂತೆ ಪೆಡಲ್ ತುಳಿಯುತ್ತಾನೆ. ಪಕ್ಕದಲ್ಲಿ ಸೈಕಲ್‌ನ ಯಜಮಾನ ಹೆಲ್ಮೆಟ್ ಹೊತ್ತು ಓಡುತ್ತಾನೆ. ಇವತ್ತು ನಮ್ಮ ಮೊಮ್ಮಗನೂ ನಿಂತಿದ್ದ. ಒಂಬತ್ತು ವರ್ಷ. ಅವನ ಸೈಕಲ್ ಹತ್ತಿದವನು ಯಾರೆಂದು ನನಗೆ ಗೊತ್ತಾಗಲಿಲ್ಲ. ರಿಸೀವರ್ ಅಂತೆ, ಡ್ರಾಫ್ಟ್‌ನಲ್ಲಿ ಯಾರೂ ಆರಿಸದೆ ಬಂದವನು, ತಂಡದಲ್ಲಿ ಉಳಿಯುವ ಭರವಸೆ ಇಲ್ಲದವನು.

“ಅಜ್ಜ, ಅವನು ಉಳೀತಾನೆ ನೋಡ್ತಿರು,” ಎಂದ ಮೊಮ್ಮಗ.

“ಯಾಕೆ ಮರಿ ಹಾಗಂತೀಯ?”

“ಸೈಕಲ್ ಸ್ಟ್ಯಾಂಡ್ ಹಾಕಿ ಹೋದ, ಅಜ್ಜ. ಉಳಿದವ್ರು ಒರಗಿಸಿ ಹೋದ್ರು.”

ಹಿರಿಯರಿಗೆ ಹೇಳಿದೆ. ಅವರು ತಲೆಯಾಡಿಸಿ ಡೊನಾಲ್ಡ್ ಡ್ರೈವರ್ ಕಥೆ ತೆಗೆದರು. 1999ರ ಡ್ರಾಫ್ಟ್‌ನಲ್ಲಿ ಕೊನೆಯದಾದ ಏಳನೇ ಸುತ್ತಿನಲ್ಲಿ ಬಂದವನು. ನಿವೃತ್ತನಾಗುವ ಹೊತ್ತಿಗೆ 10,137 ಗಜ, ಈ ತಂಡದಲ್ಲಿ ಯಾರೂ ಮುಟ್ಟದ ಮೊತ್ತ. ಇಲ್ಲಿನ ಒಳಾಂಗಣ ಅಭ್ಯಾಸ ಭವನಕ್ಕೆ ಡಾನ್ ಹಟ್ಸನ್ ಎಂಬ ರಿಸೀವರ್‌ನ ಹೆಸರಿದೆ. 1935ರಿಂದ 1945ರವರೆಗೆ ಆಡಿ ಅವನು ಹಿಡಿದ 99 ಟಚ್‌ಡೌನ್‌ಗಳ ದಾಖಲೆ ಮುರಿಯಲು 1989 ಬರಬೇಕಾಯಿತು. ಊರಿನ ನೆನಪಿನಲ್ಲಿ ಇಂಥವರು ಇದ್ದರೆ ಪ್ರತಿ ಹೊಸ ಹುಡುಗನಲ್ಲೂ ಅವರ ಚಹರೆ ಹುಡುಕುವುದು ಸಹಜ. ನಾನು ಇದನ್ನು ಕುರುಡು ಅಭಿಮಾನ ಎನ್ನಲಾರೆ.

ಆಗಸ್ಟ್ 2

ಇವತ್ತು ಓಹಾಯೋದ ಕ್ಯಾಂಟನ್‌ನಲ್ಲಿ ಸ್ಟರ್ಲಿಂಗ್ ಶಾರ್ಪ್‌ಗೆ ಹಾಲ್ ಆಫ್ ಫೇಮ್ ಗೌರವ. ಪ್ಯಾಕರ್ಸ್‌ಗೆ ಏಳೇ ಸೀಸನ್ ಆಡಿದ ರಿಸೀವರ್. 1994ರಲ್ಲಿ ಕತ್ತಿನ ಪೆಟ್ಟು ಆಟವನ್ನೇ ಮುಗಿಸಿತು. ಮೂವತ್ತು ವರ್ಷ ಕಳೆದ ಮೇಲೆ ಕರೆ ಬಂದಿದೆ. ಹಿರಿಯರು ಟಿವಿ ಮುಂದೆ ಎದ್ದು ನಿಂತೇ ನೋಡಿದರು.

ಆಗಸ್ಟ್ ಮಧ್ಯ

ರಿಸೀವರ್‌ಗಳು ಎಷ್ಟು ಜನ ಆಗಿದ್ದಾರೆಂದರೆ ಬೋ ಮೆಲ್ಟನ್‌ಗೆ ಈಗ ಎದುರು ಪಾಳೆಯದ ವಿದ್ಯೆ ಕಲಿಸುತ್ತಿದ್ದಾರೆ: ರಿಸೀವರ್‌ಗೆ ಬರುವ ಚೆಂಡು ತಡೆಯುವ ಕಾರ್ನರ್‌ಬ್ಯಾಕ್ ಕೆಲಸ. 105 ಗಜದ ದಿನ ಕಂಡವನು, ಉಳಿಯಲು ಬೇಕಾದ್ದನ್ನು ಮಾಡುತ್ತಿದ್ದಾನೆ. ಅಭಿಮಾನಿಗಳ ಹುಮ್ಮಸ್ಸಿನ ಮಾತಿನಲ್ಲಿ ಈ ಭಾಗ ಕಡಿಮೆ ಕೇಳಿಸುತ್ತದೆ. ‘ನಮ್ಮಲ್ಲಿ ಎಷ್ಟೊಂದು ಜನರಿದ್ದಾರೆ’ ಎಂದಾಗ, ಅಷ್ಟು ಜನರಲ್ಲಿ ಕೆಲವರು ಮನೆಗೆ ಹೋಗುತ್ತಾರೆ ಎಂದೂ ಅರ್ಥ.

ನನ್ನ ತೀರ್ಮಾನ ಬರೆದಿಡುತ್ತೇನೆ. ಈ ಗುಂಪಿನಲ್ಲಿ ಈ ವರ್ಷವೂ ಒಬ್ಬನಿಗೇ ಸಾವಿರ ಗಜ ಸಿಗುವುದು ಕಷ್ಟ. ಹಂಚಿಕೊಂಡೇ ಗೆಲ್ಲಬೇಕು. ಹಿರಿಯರಿಗೂ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಡೌಬ್ಸ್‌ಗೆ ಎಷ್ಟು, ರೀಡ್‌ಗೆ ಎಷ್ಟು, ಗೋಲ್ಡನ್‌ಗೆ ಎಷ್ಟು ಎಂದು ಒಂದು ಚೀಟಿಯ ಮೇಲೆ ಬರೆದು ಕೊಟ್ಟರು. ಎಲ್ಲವನ್ನೂ ಕೂಡಿಸಿದರೆ ಲವ್ ಎಸೆಯಬಹುದಾದ್ದಕ್ಕಿಂತ ಜಾಸ್ತಿಯಾಯಿತು. ವಾಟ್ಸನ್ ಹೆಸರಿನ ಮುಂದೆ ಸಂಖ್ಯೆ ಇರಲಿಲ್ಲ. ‘ಮಂಡಿ ವಾಸಿಯಾಗಲಿ’ ಎಂದಷ್ಟೇ ಬರೆದಿದ್ದರು. ಚೀಟಿಯನ್ನು ಈ ಪುಟದಲ್ಲಿ ಅಂಟಿಸಿದ್ದೇನೆ.

ಆಗಸ್ಟ್ 26

90 ಜನರ ಶಿಬಿರವನ್ನು 53ಕ್ಕೆ ಇಳಿಸುವ ದಿನ. ಸೈಕಲ್‌ಗೆ ಸ್ಟ್ಯಾಂಡ್ ಹಾಕಿದ ಹುಡುಗ ಉಳಿಯಲಿಲ್ಲ. ಮೊಮ್ಮಗ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಆಗಸ್ಟ್ 29

ನಿನ್ನೆ ಡಲ್ಲಾಸ್‌ನಿಂದ ಮೈಕಾ ಪಾರ್ಸನ್ಸ್ ಎಂಬ ದೊಡ್ಡ ಡಿಫೆನ್ಸ್ ಆಟಗಾರನನ್ನು ತಂದಿದ್ದಾರೆ. ಊರಿನ ಬಾಯಲ್ಲೆಲ್ಲ ಅವನದೇ ಹೆಸರು. ಹಿರಿಯರು ಮಾತ್ರ ಸಂಜೆ ಬೇಲಿಗೆ ಬಂದು ಗೋಲ್ಡನ್ ವಿಷಯವೇ ಮಾತಾಡಿದರು.

ಸೆಪ್ಟೆಂಬರ್ 6

ನಾಳೆ ಭಾನುವಾರ ಮಧ್ಯಾಹ್ನ 3:25ಕ್ಕೆ ಲ್ಯಾಂಬೋದಲ್ಲಿ ಡೆಟ್ರಾಯಿಟ್ ಲಯನ್ಸ್ ಜೊತೆ ಮೊದಲ ಆಟ. ಗೋಲ್ಡನ್ ಆಡುತ್ತಾನೆ. ವಾಟ್ಸನ್ ಆಡುವುದಿಲ್ಲ.